ನಾಲ್ಕು ಬೆರಳಗಲದ ಬರಿ ಉಕ್ಕು

ಅವರು ಹಾಸನದ ಆಸ್ಪತ್ರೆಯಲ್ಲಿ ತೀರಿಕೊಂಡು ತಿಂಗಳ ಮೇಲಾಯಿತು. ಇವತ್ತಿಗೂ ಪಂಪ್ ಹೌಸಿನಲ್ಲಿ ಯಾರಾದರೂ ಜೋರಾಗಿ ನಕ್ಕರೆ ನಾನು ಬಾಗಿಲ ಕಡೆ ನೋಡುತ್ತೇನೆ. ಅವರಿದ್ದಿದ್ದರೆ ಒಳಗೆ ಕಾಲಿಟ್ಟವರೇ ಬಲಗೈ ಮೇಲೆತ್ತಿ, "ಒಸಿ ಸುಮ್ಕಿರ್ರಪ್ಪಾ" ಅನ್ನುತ್ತಿದ್ದರು. ನಗುವುದು ತಪ್ಪು ಅಂತಲ್ಲ. ನಮ್ಮ ನಗುವಿನಲ್ಲಿ ಮೋಟಾರಿನ ಸದ್ದು ಕೇಳಿಸದೆ ಹೋದರೆ ಅಂತ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಯಾರಾದರೂ ಹೆಸರು ಹಿಡಿದು ಕೂಗಿದರೆ ಸಾಕು, "ಏನಾಯ್ತು?" ಅಂತ ಎದ್ದು ನಿಲ್ಲುತ್ತಿದ್ದ ಮನುಷ್ಯ. ಸತ್ತ ಮೇಲಾದರೂ ಆ ಗಾಬರಿ ಅವರಿಗೆ ಬೇಡ.

ಹೊಳೆನರಸೀಪುರ ದಾಟಿ ಸ್ವಲ್ಪ ದೂರ ಹೋದರೆ ಹೇಮಾವತಿಯ ದಂಡೆಯಲ್ಲಿ ನಮ್ಮ ಪಂಪ್ ಹೌಸು. ಎರಡು ದೊಡ್ಡ ಮೋಟಾರು, ಗೋಡೆಗೊಂದು ಪ್ಯಾನೆಲು, ಹೊರಗೆ ಹೊಂಗೆ ಮರ. ಇಲ್ಲಿ ಎತ್ತಿದ ನೀರು ಸುತ್ತಲಿನ ಹಳ್ಳಿಗಳ ಟ್ಯಾಂಕಿಗೆ ಏರುತ್ತದೆ. ನಡೆಸುವುದೊಂದು ಗುತ್ತಿಗೆ ಕಂಪನಿ. ಅವರು ಅಲ್ಲಿ ಇನ್‌ಚಾರ್ಜು, ನಾನು ಹಗಲು ಪಾಳಿಯ ಆಪರೇಟರು. ನನ್ನ ತವರು ಚನ್ನರಾಯಪಟ್ಟಣ. ಹಾಸನದಲ್ಲಿ ಐಟಿಐ ಮಾಡಿ, ಮದುವೆಯಾಗಿ ಈ ಕಡೆ ಬಂದವಳು. ನನ್ನ ಬಾಯಿ ಜೋರು ಅಂತ ತವರಿನಲ್ಲೂ ಹೇಳುತ್ತಿದ್ದರು, ಗಂಡನ ಮನೆಯಲ್ಲೂ ಹೇಳುತ್ತಾರೆ. ಎರಡು ಕಡೆಯವರೂ ಒಪ್ಪಿರುವ ಮಾತು ಅದೊಂದೇ.

ಕೆಲಸಕ್ಕೆ ಸೇರಿದ ದಿನ ಅವರು ನನ್ನ ಸರ್ಟಿಫಿಕೇಟು ಕೇಳಲಿಲ್ಲ. "ನಿಂಗೆ ಎಲ್ಡು ಕಿವೀನೂ ನೆಟ್ಟಗೆ ಕೇಳ್ಸುತ್ತೇನವ್ವಾ?" ಅಂದರು. ನನಗೆ ರೇಗಿತು.

"ಕಿವೀನೂ ಕೇಳ್ಸುತ್ತೆ, ಬಾಯೂ ಬರುತ್ತೆ ಸಾ" ಅಂದೆ.

"ಬಾಯಿ ಬತ್ತದೆ ಅಂತ ಆಗ್ಲೇ ಗೊತ್ತಾಯ್ತು, ಬುಡು" ಅಂದು ನನ್ನ ಕೈಗೆ ಒಂದು ಉದ್ದನೆಯ ಸ್ಕ್ರೂಡ್ರೈವರ್ ಕೊಟ್ಟರು. ಅದರ ತುದಿಯನ್ನು ಬೇರಿಂಗ್ ಇರುವ ಕಡೆ ಮೋಟಾರಿನ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು ಕೇಳಬೇಕು. ಬೇರಿಂಗ್ ಚೆನ್ನಾಗಿದ್ದರೆ ಅಕ್ಕಿ ಒನೆಯುವಂಥ ಸದ್ದು, ಕೆಟ್ಟಿದ್ದರೆ ಮರಳು ಅಗಿದ ಸದ್ದು. ನನಗೆ ಮೊದಮೊದಲು ಎರಡೂ ಒಂದೇ ಥರ ಕೇಳಿಸುತ್ತಿತ್ತು. ಅವರಿಗೆ ಮಾತ್ರ ಎಲ್ಲ ಸದ್ದೂ ಮರಳಿನ ಸದ್ದೇ.

ಅರಕಲಗೂಡಿನ ಕಡೆಯವರು. ಸಣ್ಣಗೆ, ಎತ್ತರಕ್ಕೆ, ಸ್ವಲ್ಪ ಮುಂದಕ್ಕೆ ಬಾಗಿದ ಆಳು. ಹಣೆ ತುಂಬಾ ಮೂರು ಪಟ್ಟೆ ವಿಭೂತಿ, ಅಂಗಿಯ ಜೇಬಿನಲ್ಲಿ ಟೆಸ್ಟರು, ಯುಗಾದಿ ಕಳೆಯುವವರೆಗೂ ತಲೆಗೆ ಮಂಕಿ ಕ್ಯಾಪು. ಊಟದ ಡಬ್ಬಿ ಬಿಚ್ಚಿದರೆ ಮೋಟಾರಿಗೆ ಬೆನ್ನು ಹಾಕಿ ಕೂತವರಲ್ಲ. ಮುದ್ದೆ ಮುರಿದ ಕೈ ಬಾಯಿಗೆ ಹೋಗುವ ದಾರಿಯಲ್ಲೇ ನಿಂತು ಬಿಡುತ್ತಿತ್ತು. ಏನೋ ಕೇಳಿಸಿತು ಅಂತ ಲೆಕ್ಕ. ನಾವೂ ತಿನ್ನುವುದು ನಿಲ್ಲಿಸಿ ಅವರ ಮುಖ ನೋಡಬೇಕು. ಆಮೇಲೆ, "ಏನಿಲ್ಲ, ಉಣ್ಣಿ ಉಣ್ಣಿ" ಅನ್ನುವರು. ಥೂ, ಎಷ್ಟು ದಿನ ನನ್ನ ಸಾರು ತಣ್ಣಗಾಯಿತೋ!

ಮೊಸಳೆ ಅನ್ನುವ ಊರಿನಲ್ಲಿ ಅವರ ನೆಂಟರ ಮದುವೆಗೆ ನಮ್ಮನ್ನೂ ಕರೆದಿದ್ದರು. ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆ ಅವರದು. ಹೋಳಿಗೆ ಬಡಿಸುವ ಹೊತ್ತಿಗೆ ಸರಿಯಾಗಿ ಎದ್ದು ಹೊರಟೇ ಹೋದರು. ಬಚ್ಚಲಿಗೆ ಅಂದುಕೊಂಡೆ. ನೋಡಿದರೆ ಚಪ್ಪರದ ಹಿಂದೆ ಬಾಡಿಗೆ ಜನರೇಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಕಿವಿ ಕೊಟ್ಟಿದ್ದಾರೆ! ಜನರೇಟರಿನವನು ತಬ್ಬಿಬ್ಬಾಗಿ ನಿಂತಿದ್ದ. "ನಿನ್ ಬೇರಿಂಗ್ ಒಂಟೋಯ್ತದೆ ಕಣ್ಲಾ, ಊಟ ಮುಗಿಯೋಗಂಟ ತಡೀಬೋದು" ಅನ್ನುತ್ತಿದ್ದರು. ಅದು ಊಟವಷ್ಟೇ ಏನು, ರಾತ್ರಿಯ ಆರತಕ್ಷತೆಯನ್ನೂ ಮುಗಿಸಿಕೊಂಡು ಹೋಯಿತು. ಇದನ್ನು ನಾನು ಅವರಿಗೆ ಬೇಕಂತಲೇ ವರ್ಷಗಟ್ಟಲೆ ನೆನಪಿಸುತ್ತಿದ್ದೆ.

ಅವರ ಮನೆಯವರನ್ನು ನಾನು ಅಮ್ಮ ಅಂತಲೇ ಕರೆಯುತ್ತಿದ್ದೆ. ಅಮ್ಮನಿಗೆ ಶ್ರವಣಬೆಳಗೊಳದ ಬೆಟ್ಟ ಹತ್ತಬೇಕು ಅಂತ ಬಹಳ ದಿನದ ಆಸೆ. ಕೊನೆಗೊಮ್ಮೆ ಇವರನ್ನು ಎಳೆದುಕೊಂಡು ಹೋದರು. ಮೆಟ್ಟಿಲ ನಡುವಿನಿಂದಲೇ ನನಗೆ ಫೋನು: ಒಂದನೇ ಮೋಟಾರು ಹೇಗಿದೆ, ಎರಡನೆಯದು ಹೇಗಿದೆ. ಹಿಂದಿನಿಂದ ಅಮ್ಮ, "ಆ ಮೋಟ್ರುನ್ನೇ ಕಟ್ಕಬೇಕಾಗಿತ್ತು ನೀವು" ಅಂತ ಕೂಗಿದ್ದು ನನಗೂ ಕೇಳಿಸಿತು.

ಇಷ್ಟೊಂದು ಭಯ ಯಾತಕ್ಕೆ ಅಂತ ಒಂದು ಸಲ ಕೇಳೇಬಿಟ್ಟೆ. ಅವರು ಹೊಳೆಯ ಆಚೆ ನೋಡುತ್ತಾ ಹೇಳಿದರು. "ನೀರ್ ನಿಂತ್ರೆ ಎಣ್ಮಕ್ಳು ಬಿಂದ್ಗೆ ಇಡ್ಕಂಡು ತ್ವಾಟದ್ ಬಾವಿ ತಾವ ಓಗ್ತಾರೆ ಕಣವ್ವಾ. ನಮ್ ಅಕ್ಕ ಅಂಗೇ ಓದೋಳು, ಕಾಲ್ ಜಾರಿ ಬಿದ್ಲು. ಎತ್ತೋ ಒತ್ಗೆ ಆಗೋಗಿತ್ತು." ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ, ತಮಾಷೆ ಮಾಡುವುದನ್ನು ಮಾತ್ರ ಬಿಡಲಿಲ್ಲ.

ಅವರ ಭಯ ನಿಜವಾದದ್ದು ಹೊಸ ಪ್ಯಾನೆಲು ಬಂದ ಮೇಲೆ. ಮೊದಲು ಸ್ವಿಚ್ಚು ಒತ್ತಿದರೆ ಮೋಟಾರಿಗೆ ಒಂದೇ ವೇಗ. ಹೊಸ ಪ್ಯಾನೆಲಿನಲ್ಲಿ ಡ್ರೈವ್ ಅನ್ನುವ ಪೆಟ್ಟಿಗೆ ಇತ್ತು, ಒಂದನೇ ಮೋಟಾರಿಗೆ ಹಾಕಿದರು. ಎಷ್ಟು ನೀರು ಬೇಕೋ ಅಷ್ಟಕ್ಕೆ ಅದು ವೇಗವನ್ನು ಏರಿಸಿ ಇಳಿಸಿ ಮಾಡುತ್ತದೆ, ಕರೆಂಟು ಉಳಿಯುತ್ತದೆ. ಎಲ್ಲ ಚೆಂದವೇ. ಆದರೆ ಸ್ವಲ್ಪ ದಿನಕ್ಕೇ ಒಂದನೇ ಮೋಟಾರಿನ ಬೇರಿಂಗು ಹೋಯಿತು. ಹೊಸದು ಹಾಕಿದೆವು, ಅದೂ ಹೋಯಿತು. ಬಿಚ್ಚಿ ನೋಡಿದರೆ ಒಳಗಿನ ನುಣುಪಾದ ಉಕ್ಕಿನ ಮೇಲೆ ಒತ್ತೊತ್ತಾಗಿ ಗೆರೆ, ಬೀಸುವ ಕಲ್ಲಿಗೆ ಉಳಿಯ ಕಚ್ಚು ಹಾಕಿದ ಹಾಗೆ.

ಕಂಪನಿಯ ಸೂಪರ್‌ವೈಸರ್ ಹಾಸನದಿಂದ ಬಂದರು. ಕೆಟ್ಟ ಮನುಷ್ಯರೇನಲ್ಲ, ಆದರೆ ಅವರ ತಲೆಯ ಮೇಲೂ ಯಾರೋ ಕೂತಿರುತ್ತಾರಲ್ಲ. "ಗ್ರೀಸ್ ಹಾಕೋದ್ರಲ್ಲಿ ಎಡವಟ್ಟು ಮಾಡ್ತಿದೀರ ನೀವು. ಇನ್ನೊಂದ್ಸಲ ಇದೇ ಆದ್ರೆ ನಾನು ಬೇರೆಯವ್ರನ್ನ ನೋಡ್ಕೋಬೇಕಾಗುತ್ತೆ" ಅಂದರು. ಇವರು ತಲೆಯಲ್ಲಾಡಿಸಿದರು. ಅವತ್ತಿನಿಂದ ಡಬ್ಬಿಯಲ್ಲಿ ಅರ್ಧ ಮುದ್ದೆ ವಾಪಸು ಹೋಗತೊಡಗಿತು. ಬಿಪಿ ಮಾತ್ರೆ ಶುರುವಾದದ್ದೂ ಆಗಲೇ.

ಪ್ಯಾನೆಲಿನವರು ಕಳಿಸಿದ ಇಂಜಿನಿಯರು ಬಂದು ನೋಡಿದ ಮೇಲೆ ವಿಷಯ ತಿಳಿಯಿತು. ನಿಧಾನವಾಗಿ ವಿವರಿಸುವ ಹುಡುಗ. ಡ್ರೈವಿನಿಂದ ಬರುವ ಕರೆಂಟಿಗೆ ಮೋಟಾರಿನ ನಡುವೆ ತಿರುಗುವ ಶಾಫ್ಟಿನಲ್ಲಿ ಚಾರ್ಜು ಸೇರಿಕೊಳ್ಳುತ್ತದೆ. ಅದಕ್ಕೆ ನೆಲ ಸೇರಬೇಕು. ಬೇರೆ ದಾರಿ ಕಾಣದೆ ಬೇರಿಂಗಿನ ಮೂಲಕವೇ ಹಾರುತ್ತದೆ, ಹಾರುವಾಗೆಲ್ಲ ಸಣ್ಣ ಕಿಡಿ, ಕಿಡಿಯಿಂದ ಗುಳಿ. "ನಿಮ್ಮ ಮಂಕಿ ಕ್ಯಾಪ್ ತೆಗೆಯೋವಾಗ ಕೂದಲು ಚಟಚಟ ಅನ್ನಲ್ವಾ ಸರ್? ಅಂಥದ್ದೇ" ಅಂದ. ಅದಕ್ಕೆ ಮದ್ದು, ಒಂದು ಬ್ರಷ್. ಕಾರ್ಬನ್ನಿನ ಎಳೆಗಳ ಆ ಬ್ರಷ್ಷಿನ ತುದಿ ಶಾಫ್ಟಿಗೆ ಯಾವಾಗಲೂ ಸವರುತ್ತಿರಬೇಕು, ಇನ್ನೊಂದು ತುದಿಯಿಂದ ಅರ್ತಿಗೆ, ಅಂದರೆ ನೆಲಕ್ಕೆ, ತಂತಿ. ಚಾರ್ಜು ಅದರಲ್ಲಿ ಸುಮ್ಮನೆ ಇಳಿದು ಹೋಗುತ್ತದೆ, ಬೇರಿಂಗಿನ ತಂಟೆಗೆ ಬರುವುದಿಲ್ಲ. ಬ್ರಷ್ ಕೂರಿಸಿ, ಅದು ತಾಗುವ ನಾಲ್ಕು ಬೆರಳಗಲದ ಜಾಗದ ಬಣ್ಣ ಕೆರೆದು, ಉಕ್ಕು ಫಳಫಳ ಅನ್ನುವ ಹಾಗೆ ಉಜ್ಜಿದ. "ಇಲ್ಲಿ ಬಣ್ಣ, ತುಕ್ಕು, ಕೊಳೆ ಏನೂ ಇರ್ಬಾರ್ದು ಸರ್. ಬರೀ ಉಕ್ಕು ಇರ್ಬೇಕು. ವಾರಕ್ಕೊಂದ್ಸಲ ಒರೆಸಿ."

ಎಷ್ಟು ಶ್ರದ್ಧೆಯಿಂದ ಒರೆಸಿದರು ಅಂತೀರಿ! ಸೋಮವಾರ ಒಂದನೆಯದನ್ನು ನಿಲ್ಲಿಸಿ ಎರಡನೇ ಮೋಟಾರಿಗೆ ಬದಲಾಯಿಸುವ ದಿನ. ಆಗ ಕಾವಲು ಜಾಲರಿ ಬಿಚ್ಚಿ, ಮಗುವಿನ ಮೈ ಒರೆಸುವ ಹಾಗೆ ಶಾಫ್ಟು ಒರೆಸುತ್ತಿದ್ದರು. ಸದ್ದು ತಿಳಿಯಾಯಿತು. ಮುದ್ದೆ ಪೂರ್ತಿ ಒಳಗೆ ಹೋಗತೊಡಗಿತು. ಒಂದು ದಿನ ಹೊಂಗೆ ಮರದ ಕೆಳಗೆ ಕೂತಲ್ಲೇ ತೂಕಡಿಸಿದ್ದನ್ನು ನೋಡಿ ನಾನು ಎಬ್ಬಿಸದೆ ಬಂದೆ.

ಆಯುಧಪೂಜೆ ಬಂತು. ಪಂಪ್ ಹೌಸಿನಲ್ಲಿ ನಮಗೆ ಅದೇ ದೊಡ್ಡ ಹಬ್ಬ. ಸ್ಪ್ಯಾನರಿನಿಂದ ಹಿಡಿದು ಪ್ಯಾನೆಲಿನ ತನಕ ಎಲ್ಲಕ್ಕೂ ಕುಂಕುಮ, ಸೇವಂತಿಗೆ ಹೂ, ಮೋಟಾರಿಗೆ ಹೊಸ ಬಣ್ಣ, ಬಾಳೆಕಂದು, ಬೂದುಗುಂಬಳಕಾಯಿ. ಬಣ್ಣದ ಡಬ್ಬಿ ಹಿಡಿದವನ ಹಿಂದೆಯೇ ಇವರು ಸುತ್ತುತ್ತಿದ್ದರು. "ಶಾಫ್ಟಿಗೆ ಮುಟ್ಟಿಸ್ಬ್ಯಾಡ ಕಣ್ಲಾ, ಕೈ ಮುರ್ದಾಕ್ಬುಡ್ತೀನಿ!" ಒಂದು ತೊಟ್ಟು ಬಣ್ಣ ಬೀಳಲು ಬಿಡಲಿಲ್ಲ.

ದೀಪಾವಳಿ ಕಳೆದ ಮೇಲೆ ಮರಳಿನ ಸದ್ದು ಮತ್ತೆ ಬಂತು. ಈ ಸಲ ನನಗೂ ಕೇಳಿಸಿತು. ಅವರ ಮುಖ ನೋಡಲಾಗಲಿಲ್ಲ. ಬ್ರಷ್ ಇದೆ, ತಂತಿ ಇದೆ, ಒರೆಸಿದ್ದೂ ಆಗಿದೆ. ಇನ್ನು ಎಲ್ಲಿ ಹುಡುಕುವುದು? ಮೋಟಾರಿನ ಸುತ್ತ ಒಂದೇ ಸಮ ತಿರುಗುತ್ತಿದ್ದರು. ಬೋಲ್ಟು ಮುಟ್ಟಿ ನೋಡುವುದು, ತಂತಿ ಎಳೆದು ನೋಡುವುದು, ಕಿವಿ ಕೊಡುವುದು, ಮತ್ತೆ ಬೋಲ್ಟು. ಸೂಪರ್‌ವೈಸರ್ ಫೋನು ಬಂದರೆ ಎದ್ದು ನಿಂತೇ ಮಾತಾಡುವರು. "ಇದ್ರಿಂದ್ ಆಚೆ ಆಕುದ್ರೆ ನಾನ್ ಏನವ್ವಾ ಮಾಡ್ಲಿ? ಮನೇಲ್ ಕುಂತ್ರೆ ನೀರ್ ಬತ್ತದೋ ಇಲ್ವೋ ಅಂತ ನಲ್ಲಿ ನೋಡ್ಕಂಡೇ ಸಾಯ್ತೀನಿ" ಅಂದರು. ನಾನೇ ಇಂಜಿನಿಯರಿಗೆ ಫೋನ್ ಮಾಡಿ ಬರಲು ಹೇಳಿದೆ.

ಅವನು ಬಂದ ಹೊತ್ತಿಗೆ ಇವರು ಬಿಪಿ ತೋರಿಸಲು ಹಾಸನಕ್ಕೆ ಹೋಗಿದ್ದರು. ಮೋಟಾರು ನಿಲ್ಲಿಸಿ, ಬ್ರಷ್ ಬಿಚ್ಚಿ, ಅದರ ತುದಿಯನ್ನು ಬೆರಳಲ್ಲಿ ಉಜ್ಜಿದ. ಬೂದಿ ಬಣ್ಣದ ಅಂಟು ಬಂತು. ಮೂಸಿ ನೋಡಿದ. "ಮೇಡಂ, ಹರಳೆಣ್ಣೆ ವಾಸನೆ ಬರ್ತಿದೆ. ಏನಿದು?"

ನನಗೆ ತಕ್ಷಣ ಗೊತ್ತಾಯಿತು. ಸೋಮವಾರ ಒರೆಸಿದ ಮೇಲೆ ಅವರು ಮೋಟಾರಿಗೆ ಕೈಮುಗಿಯುವುದನ್ನು ನಾವೆಲ್ಲ ನೋಡಿದ್ದೆವು. ಉಜ್ಜಿದ ಆ ಉಕ್ಕಿನ ಮೇಲೆ ಮೂರು ಬೆರಳಲ್ಲಿ ವಿಭೂತಿ ಎಳೆಯುತ್ತಿದ್ದರು. ಒಣ ವಿಭೂತಿ ಶಾಫ್ಟು ತಿರುಗಿದ ಕೂಡಲೇ ಉದುರಿಹೋಗುತ್ತದೆ ಅಂತ ಹರಳೆಣ್ಣೆಯಲ್ಲಿ ಕಲಸಿ ಹಚ್ಚುತ್ತಿದ್ದರು. ಆಯುಧಪೂಜೆಯ ದಿನ ಕೈ ತುಂಬಾ ಬಳಿದಿದ್ದರು. ಬ್ರಷ್ಷು ಸವರುತ್ತಿದ್ದದ್ದು ಉಕ್ಕನ್ನಲ್ಲ, ಎಣ್ಣೆ ಕುಡಿದ ಬೂದಿಯ ಪದರವನ್ನು. ಚಾರ್ಜಿಗೆ ದಾರಿ ಮುಚ್ಚಿಹೋಗಿ ಮತ್ತೆ ಬೇರಿಂಗಿಗೇ ಹಾರಿತ್ತು.

ಹುಡುಗ ಒಳ್ಳೆಯವನು. ಬೆರಳು ಒರೆಸಿಕೊಂಡು ಹೇಳಿದ. "ನಾನು ಬ್ರಷ್ಷೇ ಸರಿಯಿರಲಿಲ್ಲ ಅಂದ್ಬಿಡ್ತೀನಿ ಮೇಡಂ. ಇದೊಂದು ಬದಲಾಯಿಸಿದ್ರೆ ಮುಗೀತು. ನೀವು ಅವರಿಗೆ ಮಾತ್ರ ತಿಳಿಸಿ."

ತಿಳಿಸುವುದು ಅಂದರೆ ಸುಲಭವೇ? ನಾನು ಯಾರಿಗೆ ಏನು ಹೇಳಲೂ ಹೆದರಿದವಳಲ್ಲ. ಅವತ್ತು ಮಧ್ಯಾಹ್ನ ಮಾತ್ರ ಅವರ ಬಸ್ಸು ಬರದೇ ಇರಲಿ ಅಂತ ಬೇಡಿಕೊಂಡೆ. ಬಸ್ಸು ಬಂತು. ಕೈಯಲ್ಲಿ ಮಾತ್ರೆಯ ಕವರು ಹಿಡಿದು ಅವರೂ ಬಂದರು. ಸುತ್ತಿ ಬಳಸಿ ಹೇಳಲು ನನಗೆ ಬರುವುದಿಲ್ಲ. "ಸಾ, ಬೇರಿಂಗ್ ತಿಂತಿರೋದು ನಿಮ್ಮ ವಿಭೂತಿ" ಅಂದೆ.

ಅವರು ಮೆಟ್ಟಿಲ ಮೇಲೆ ಕೂತರು. ತಮ್ಮ ಬಲಗೈ ಬೆರಳುಗಳನ್ನೇ ನೋಡಿಕೊಂಡರು. ಬಿಪಿ ಏರಿ ಎಲ್ಲಿ ಬಿದ್ದುಬಿಡುತ್ತಾರೋ ಅಂತ ನಾನು ನೀರಿನ ಬಾಟಲಿ ಹಿಡಿದು ಪಕ್ಕದಲ್ಲೇ ನಿಂತೆ. ಆಮೇಲೆ, "ಸದ್ಯ" ಅಂದರು.

"ಏನ್ ಸದ್ಯ ಸಾ?"

"ನಾನೇ ಅಲ್ವಾ. ಬ್ಯಾರೆ ಏನೋ ಆಗಿದ್ರೆ ಎಲ್ಲೀಂತ ಉಡುಕ್ಲಿ? ನಾನಾದ್ರೆ ನನ್ ಕೈ ಇಂದಕ್ ತಗಂಡ್ರೆ ಆಯ್ತು."

ಅಷ್ಟು ವರ್ಷದಲ್ಲಿ ಅವರ ಭುಜ ಕೆಳಗಿಳಿದದ್ದನ್ನು ನಾನು ಅವತ್ತೇ ನೋಡಿದ್ದು. ನನಗೆ ಅಳು ಬಂತು. ಮುಖ ತಿರುಗಿಸಿಕೊಂಡು ಪ್ಯಾನೆಲು ಒರೆಸಿದೆ.

ಮಾರನೇ ದಿನ ಸೂಪರ್‌ವೈಸರ್ ಬರುವವರಿದ್ದರು. ನಾನು ಬಡಕೊಂಡೆ. "ಇಂಜಿನಿಯರ್ ಒಪ್ಪವ್ರೆ ಸಾ. ಬ್ರಷ್ ಸರಿಯಿರ್ಲಿಲ್ಲ ಅಂತ ಅಷ್ಟೇ. ನೀವ್ ಬಾಯಿ ಬಿಡ್ಬೇಡಿ, ನಿಮ್ಮ ದಮ್ಮಯ್ಯ." ಆಯ್ತು ಅಂತ ತಲೆಯಾಡಿಸಿದರು. ಸೂಪರ್‌ವೈಸರ್ ಒಳಗೆ ಬಂದು ಚಪ್ಪಲಿ ಬಿಡುವ ಮೊದಲೇ ಎದ್ದು ನಿಂತು ಎಲ್ಲ ಹೇಳಿಬಿಟ್ಟರು!

"ಅಲ್ರೀ, ಏನೂ ಇರ್ಬಾರ್ದು ಅಂತ ನಿಮಗೆ ಹೇಳಿರ್ಲಿಲ್ವಾ?"

"ಏಳಿದ್ರು ಸಾ. ಕೊಳೆ ಇರ್ಬಾರ್ದು ಅಂದಿದ್ರು. ಇಭೂತಿನ ನಾನು ಕೊಳೆ ಅಂತ ಅನ್ಕಂಡಿರ್ನಿಲ್ಲ."

ಸೂಪರ್‌ವೈಸರ್ ಹಣೆಯಲ್ಲೂ ಸಣ್ಣದೊಂದು ಪಟ್ಟೆ ಇತ್ತು. ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಯಾರಿಗೋ ಫೋನ್ ಮಾಡಿ ಬಹಳ ಹೊತ್ತು ಮಾತಾಡಿದರು. ಒಳಗೆ ಬಂದಾಗ ಅವರ ಮುಖ ನೋಡಿಯೇ ನನಗೆ ತಿಳಿಯಿತು. ತಿಂಗಳ ಕೊನೆಗೆ ಇವರನ್ನು ಮನೆಗೆ ಕಳಿಸುವುದು ಅಂತ ಆಗಿತ್ತು.

ನಾನು ಇವರ ಮೇಲೆ ಹರಿಹಾಯ್ದೆ. "ಯಾಕ್ ಹೇಳುದ್ರಿ? ಯಾರ್ ಕೇಳಿದ್ರು ನಿಮ್ಮನ್ನ?"

"ಒಸಿ ಇರವ್ವಾ" ಅಂದರು. "ನಾನ್ ಏಳ್ದಿದ್ರೆ ಒಸ ಬ್ರಷ್ ಆಕಿ ಸುಮ್ಕಾಗೋರು. ನಾಳೆ ನನ್ ಜಾಗಕ್ ಬರೋನೂ ಕೈ ಮುಗಿಯೋನೇ ಅಲ್ವಾ? ಅವ್ನೂ ಅಚ್ತಾನೆ. ಅವ್ನೂ ಇಂಗೇ ಬೋಲ್ಟ್ ಮುಟ್ಕಂಡು ಸುತ್ತುತಾನೆ. ಬ್ಯಾಡ."

ಊರಿಗೆ ಹೋದ ಮೇಲೆ ದಿನಾ ಬೆಳಿಗ್ಗೆ ಫೋನು. ನಮಸ್ಕಾರ ಇಲ್ಲ, ಕ್ಷೇಮ ಸಮಾಚಾರ ಇಲ್ಲ. "ಕೇಳ್ಸವ್ವಾ" ಅನ್ನುವುದು. ನಾನು ಫೋನನ್ನು ಜಾಲರಿಯ ಹತ್ತಿರ ಹಿಡಿಯುವುದು. ಆ ಕಡೆ ಉಸಿರಿನ ಸದ್ದೂ ಇರುತ್ತಿರಲಿಲ್ಲ. "ಊಂ, ಸರಿಯಾಗೈತೆ" ಅಂದು ಇಟ್ಟುಬಿಡುವುದು. ಹೊಸ ಇನ್‌ಚಾರ್ಜು ಒಂದು ಸಲ ನಕ್ಕ. ನಾನು ಅಂದದ್ದನ್ನು ಕೇಳಿದ ಮೇಲೆ ಮತ್ತೆ ನಗಲಿಲ್ಲ.

ಒಂದಷ್ಟು ದಿನ ಫೋನು ಬರಲಿಲ್ಲ. ನಾನೇ ಮಾಡಿದರೆ ಸ್ವಿಚ್ ಆಫ್. ಆಮೇಲೆ ಒಂದು ಮಧ್ಯಾಹ್ನ ಅಮ್ಮನ ಫೋನು ಬಂತು. ಎದೆನೋವು ಬಂದು ಹಾಸನದ ಆಸ್ಪತ್ರೆಗೆ ಸೇರಿಸಿದ್ದಾರೆ. "ಕಣ್ಣೇ ಮುಚ್ತಿಲ್ಲ ಕಣವ್ವಾ. ಡಾಕ್ಟ್ರು ಮಲೀಕಳಿ ಅಂತಾರೆ, ಇವ್ರು ಚಾವಣಿ ನೋಡ್ತಾರೆ. ಒಂದ್ಸಲ ಸದ್ದು ಕೇಳ್ಸಂತೆ."

ಅವತ್ತು ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಎಲ್ಲೋ ಲೈನು ಹೋಗಿತ್ತು. ಪಂಪ್ ಹೌಸಿನಲ್ಲಿ ಗೊರವಂಕದ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಓಡ್ತಾ ಇದೆ ಅಂತ ಬಾಯಲ್ಲಿ ಸುಳ್ಳು ಹೇಳಬಹುದು, ಆ ಕಿವಿಗೆ ಹೇಳುವುದು ಹೇಗೆ? ಅಮ್ಮ ಆಗಲೇ ಫೋನನ್ನು ಅವರಿಗೆ ಕೊಟ್ಟಿದ್ದರು.

"ನಿಂತೈತೆ ಸಾ. ಕರೆಂಟಿಲ್ಲ."

ಆಸ್ಪತ್ರೆಯ ಯಾವುದೋ ಯಂತ್ರ ಕುಂಯ್ ಕುಂಯ್ ಅನ್ನುವುದು ಕೇಳಿಸಿತು.

"ಎಲ್ಡೂವಾ?"

"ಎರಡೂನೂ ಸಾ. ಟ್ಯಾಂಕಲ್ಲಿ ನೀರೈತೆ, ಸಂಜೆಗಂಟ ಬತ್ತದೆ, ಯೋಚ್ನೆ ಮಾಡ್ಬೇಡಿ."

"ಶಾಫ್ಟು ಮುಟ್ಟಿ ನೋಡು."

ಜಾಲರಿ ಬಿಚ್ಚಿ ಮುಟ್ಟಿದೆ. "ತಣ್ಣಗೈತೆ ಸಾ."

ಉಸಿರೊಂದು ಬಿಟ್ಟರು. "ಅಂಗಾರೆ ಸರಿ ಬುಡು. ನಿಂತಿರೋವಾಗ ಯಾವ್ದೂ ಸವೆಯಾಕಿಲ್ಲ. ಅದೂ ಒಸಿ ಸುಧಾರಿಸ್ಕಳ್ಳಿ."

ಆಮೇಲೆ ಅಮ್ಮನ ದನಿ, ಪಿಸುಗುಟ್ಟುವ ಹಾಗೆ: "ಕಣ್ ಮುಚ್ಚವ್ರೆ ಕಣವ್ವಾ. ಇಡ್ತೀನಿ."

ಕರೆಂಟು ಬಂದದ್ದು ದೀಪ ಹಚ್ಚುವ ಹೊತ್ತಿಗೆ. ಒಂದನೇ ಮೋಟಾರು ಹಾಕಿ, ಸದ್ದು ಹದಕ್ಕೆ ಬರುವವರೆಗೆ ಕಾದು, ಫೋನ್ ಮಾಡಿದೆ. ಅಮ್ಮ ಎತ್ತಿದರು. "ಓಡ್ತಾ ಐತಮ್ಮಾ, ಅವ್ರಿಗೆ ಕೇಳ್ಸಿ" ಅಂದೆ. ಅಮ್ಮ ಏನೂ ಹೇಳಲಿಲ್ಲ. ನಾನು ಫೋನನ್ನು ಮೋಟಾರಿನ ಕಡೆ ಹಿಡಿದು ನಿಂತೆ. 'ಊಂ' ಬರಲಿ ಅಂತ ಕಾದೆ.

ಅವರು ಹೋಗಿ ಆಗಲೇ ಹೊತ್ತಾಗಿತ್ತಂತೆ. ಆದರೂ ಅಮ್ಮ ಫೋನನ್ನು ಅವರ ಕಿವಿಗೆ ಹಿಡಿದುಕೊಂಡೇ ಕೂತಿದ್ದರಂತೆ.